ಹಾಲಮ್ಮ ತೊಳೆಯದ ಓಲೆ

ಶ್ರಾವಣದ ಮಳೆ ದಾವಣಗೆರೆಗೆ ಬಂದರೆ ಜಿಟಿಜಿಟಿ ಹಿಡಿದು ಕೂರುತ್ತದೆ. ಧೋ ಎಂದು ಸುರಿದು ಮುಗಿಸಿ ಹೋಗುವ ಮರ್ಯಾದೆ ಅದಕ್ಕಿಲ್ಲ ಎಂದು ಶಾಂತಕುಮಾರಿ ಅಜ್ಜಿ ಬೆಳಗಿನಿಂದ ಮಳೆಯನ್ನೂ ಬೈಯುತ್ತಿದ್ದರು. ಪಿ.ಜೆ. ಬಡಾವಣೆಯ ಆ ಮನೆಯಲ್ಲಿ ಅಜ್ಜಿಯ ಬಾಯಿಂದ ತಪ್ಪಿಸಿಕೊಂಡವರು ಯಾರೂ ಇರಲಿಲ್ಲ. ಕೆಳಗಿನ ಮನೆಯನ್ನು ಬಾಡಿಗೆಗೆ ಹಿಡಿದ ಹಲ್ಲಿನ ಡಾಕ್ಟರು, ಎದುರು ಹೋಟೆಲಿನವನು, ಸುಮ್ಮಸುಮ್ಮನೆ ಹಾರನ್ ಒತ್ತುವ ಆಟೋದವರು, ಟೀವಿ ಧಾರಾವಾಹಿಯ ಅತ್ತೆ, ಅದೇ ಧಾರಾವಾಹಿಯ ಸೊಸೆ, ಎಲ್ಲರಿಗೂ ಸರದಿಯ ಪ್ರಕಾರ ಸಿಗುತ್ತಿತ್ತು. ಅಜ್ಜಿ ಬೈಯುವುದನ್ನು ನಿಲ್ಲಿಸಿದ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದು ತನುಶ್ರೀಯ ಅಪ್ಪ ಹೇಳುತ್ತಿದ್ದ.

ತನುಶ್ರೀ ಪಂಚಮಿಗೆಂದು ಗಂಡನ ಮನೆಯಿಂದ ಅಜ್ಜಿಯ ಮನೆಗೆ ಬಂದಿದ್ದಳು. ಜೊತೆಗೆ ಅವಳ ದೊಡ್ಡಪ್ಪನ ಮಗಳು ನಯನಾ. ಇಬ್ಬರಿಗೂ ಭಾನುವಾರ ಒಂದು ಮದುವೆಗೆ ಹೋಗುವುದಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಬ್ಯಾಟರಿ ಲೈಟಿನ ಬೆಳಕಿನಲ್ಲಿ ಅಕ್ಕತಂಗಿಯರು ಚಾಪೆಯ ಮೇಲೆ ಒಡವೆಗಳನ್ನು ಹರವಿಕೊಂಡು ಕೂತರು. ಅಡುಗೆಯ ತಿಮ್ಮವ್ವ ಒಂದು ಬುಟ್ಟಿ ಮಂಡಕ್ಕಿ, ಒಂದು ತಟ್ಟೆ ಮಿರ್ಚಿ ತಂದಿಟ್ಟು ತಾನೂ ಬಾಗಿಲ ಬಳಿ ಕಾಲು ಚಾಚಿದಳು.

ನಯನಾ ಮೊಬೈಲು ನೋಡಿ, "ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದ್ರೆ ವಜ್ರ ಫಳಫಳ ಅಂತೈತಂತೆ" ಅಂದಳು.

ಅಷ್ಟು ಸಾಕಾಯಿತು.

"ಹಚ್ಚವ್ವ, ಹಚ್ಚು! ಕೆಳಗೆ ಹಲ್ಲಿನ ಡಾಕ್ಟರು ಅದಾನೆ, ಅವನ ಹತ್ರನೇ ಬಾಯಿ ತೆಗೆಸಿ ತೊಳಿಸ್ಕಂಡು ಬಾ ನಿನ್ನ ಓಲಿನ. ಟೂತ್‌ಪೇಸ್ಟ್‌ನಾಗ ಸುಣ್ಣದಂಥ ಪುಡಿ ಇರ್ತೈತೆ, ಬಂಗಾರ ಗೀರು ಬೀಳ್ತೈತೆ. ಮೊದ್ಲು ಆ ಮಿರ್ಚಿ ಜಿಡ್ಡಿನ ಕೈ ಒರೆಸ್ಕ. ವಜ್ರಕ್ಕೆ ಜಿಡ್ಡು ಅಂದ್ರೆ ನೆಂಟಸ್ತನ, ಮುಟ್ಟಿದ್ರೆ ಸಾಕು ಅಂಟ್ಕಂತೈತೆ. ಬೆಚ್ಚನೆ ನೀರು ತಗಳ್ರಿ, ಕುದಿಯೋದಲ್ಲ, ಬೆಚ್ಚನೆದು. ಅಂಟವಾಳದ ನೊರಿ ಎಬ್ಬಿಸಿ, ಓಲಿ ನೆನೆ ಹಾಕಿ, ಕೂಸಿನ ಬ್ರಷ್ಷಿನಾಗ ಹಿಂದ್ಗಡಿಂದ ತಿಕ್ಕಬೇಕು. ಹಿಂದ್ಗಡಿಂದ! ಕೊಳಿ ಇರೋದೇ ಅಲ್ಲಿ. ಮುಂದೆ ತಿಕ್ಕಿದ್ರೆ ಮುಖಕ್ಕೆ ಪೌಡರ್ ಬಳಿದು ಕುತ್ತಿಗಿ ತೊಳೀದೆ ಬಿಟ್ಟಂಗೆ. ಮೋರಿ ಮ್ಯಾಲೆ ಹಿಡಿದು ತೊಳೀಬ್ಯಾಡ್ರೇ ಮತ್ತೆ, ಒಂದು ಹರಳು ಕಳಚಿದ್ರೆ ಮುನಿಸಿಪಾಲ್ಟಿಯೋರಿಗೆ ಉಡುಗೊರಿ ಆಗ್ತೈತೆ."

ತಿಮ್ಮವ್ವ ಬಿಸಿನೀರು ತಂದಳು. ತನುಶ್ರೀ ತನ್ನ ಓಲೆಯನ್ನು ಬಟ್ಟಲಿಗೆ ಹಾಕಿದಳು. ನೀರು ಸ್ವಲ್ಪ ಹೊತ್ತಿಗೇ ಮಬ್ಬಾಯಿತು. ಅವಳಿಗೇ ನಾಚಿಕೆಯಾಗಿ, ಆ ನಾಚಿಕೆಯನ್ನು ಬೇರೆಯವರ ತಲೆಗೆ ಕಟ್ಟುವ ಹಾಗೆ, "ಒಂದು ವರ್ಷಕ್ಕೇ ಹಿಂಗೆ. ಕೆಲವ್ರು ಜನ್ಮದಾಗ ತೊಳೆಯೋದಿಲ್ಲಲ್ಲ ಅಜ್ಜಿ... ಎಂಥ ಗಲೀಜು ಜನ ಇರ್ಬೇಕು!" ಅಂದಳು.

ಅಜ್ಜಿ ಮಂಡಕ್ಕಿ ಹಿಡಿದ ಕೈಯನ್ನು ಬಾಯಿಗೆ ಒಯ್ಯಲಿಲ್ಲ.

"ಗಲೀಜು ಅಂದ್ಯಾ? ಹರಿಹರದ ಹಾಲಮ್ಮನ್ನೂ ಹಂಗೇ ಅಂತಿದ್ರು. ಹಂಗಂದವರ ಗತಿ ಏನಾತು ಗೊತ್ತೈತೇನು ನಿಮಗೆ?"

ಹೊರಗೆ ಮಳೆ ತಗಡಿನ ಮೇಲೆ ಸಣ್ಣಗೆ ಹೊಯ್ಯುತ್ತಿತ್ತು. ನಯನಾ ಮೊಬೈಲನ್ನು ಬೋರಲು ಇಟ್ಟಳು. ಅಜ್ಜಿ ಗೋಡೆಗೆ ಒರಗಿ, ಸೆರಗು ಸರಿ ಮಾಡಿಕೊಂಡು, ಶುರು ಮಾಡಿದರು.

"ಕೇಳ್ರೇ... ಹರಿಹರದಾಗ ಹೊಳಿ ಕಡೆ ಹೋಗೋ ದಾರ್ಯಾಗ ಒಂದು ದೊಡ್ಡ ಮನಿ. ಭತ್ತದ ವ್ಯಾಪಾರದವರು. ದುಡ್ಡಿತ್ತು, ದುಡ್ಡಿನ ಬಾಲ ಹಿಡ್ಕಂಡು ಬರೋ ಸೊಕ್ಕೂ ಇತ್ತು. ಆ ಮನಿ ಯಜಮಾನಿ ನೀಲವ್ವ. ನಾನು ಸಣ್ಣೋಳಿದ್ದಾಗ ನೋಡೀನಿ ಆಕಿನ್ನ, ಈಗ್ಲೂ ನೆನಸ್ಕಂಡ್ರೆ ಬೆನ್ನು ನೆಟ್ಟಗಾಗ್ತೈತೆ. ಆಕಿ ಲೆಕ್ಕದಾಗ ಲೋಕದಾಗ ಇದ್ದಿದ್ದು ಎರಡೇ, ತಾನು, ಮತ್ತೆ ಉಳಿದ ಕಸ. ಮನಿಗೆ ಯಾರು ಬಂದ್ರೂ 'ಬರ್ರಿ, ಕೂಡ್ರಿ' ಅಂತ ಬೆಲ್ಲ ನೀರು ಕೊಡೋಳು, ಅವ್ರು ಹೊಸಲು ದಾಟೋದ್ರೊಳಗೆ 'ಥೂ' ಅಂತ ಶುರು ಹಚ್ಚೋಳು. ಮ್ಯಾಲೆ ಬಸಪ್ಪ, ಒಳಗೆ ವಿಷಪ್ಪ ಅಂತಾರಲ್ಲ, ಅಂಥಾಕಿ. ಆದ್ರೆ ಒಂದು ಮಾತು ಹೇಳ್ತೀನಿ, ಆಕಿ ಅಂದದ್ದು ಒಂದೂ ಸುಳ್ಳಾಗ್ತಿರಲಿಲ್ಲ. ಯಾರ ಮನಿ ತೊಲಿ ಎಲ್ಲಿ ಹುಳುಕು ಹಿಡಿದೈತೆ ಅಂತ ಆಕಿಗೆ ಹೆಂಗೆ ಕಾಣ್ತಿತ್ತೋ ಆ ಶಿವನಿಗೇ ಗೊತ್ತು. ಕಿವ್ಯಾಗ ಏಳೇಳು ಹರಳಿನ ವಜ್ರದ ಓಲಿ. ಯಾರನ್ನಾದ್ರೂ ಆಡ್ಕಳೋವಾಗ ತಲಿ ಹಿಂಗೆ ಕೊಂಕಿಸಿದ್ರೆ ಆ ಓಲಿ ಛಳಕ್ ಅನ್ನೋವು.

"ಸಾಯೋ ದಿನ ಏನಾತು ಗೊತ್ತಾ? ಯಾರೋ ನೆಂಟಳು ನೋಡಾಕೆ ಬಂದು ಕಣ್ಣೀರು ಹಾಕ್ತಾ ಕುಂತಿದ್ಲು. ನೀಲವ್ವ ಕಣ್ಣು ತೆಗೆದು, ಆಕಿನ್ನ ಕಾಲಿಂದ ತಲಿ ತನಕ ನೋಡಿ, 'ಈಕಿ ಅಳೋದು ನನಗಲ್ಲ...' ಅಂದ್ಲು. ಅಷ್ಟೇ. ಅರ್ಧ ಮಾತಿಗೇ ಜೀವ ಹೋತು. ಉಳಿದರ್ಧ ಎಲ್ಲಿಗೆ ಹೋಗ್ಬೇಕು ಹೇಳ್ರೇ?"

ಅಜ್ಜಿ ಬಟ್ಟಲಿನಲ್ಲಿ ನೆನೆಯುತ್ತಿದ್ದ ಓಲೆಯ ಕಡೆ ಬೆರಳು ತೋರಿಸಿದರು.

"ಆ ಓಲಿ ಸೊಸಿ ಹಾಲಮ್ಮನ ಕಿವಿಗೆ ಬಂತು. ಹಾಲಮ್ಮ ನನಗೆ ದೊಡ್ಡಮ್ಮನ ಮಗಳು, ನನಗಿಂತ ದೊಡ್ಡಾಕಿ. ಬಾಯಿ ಸತ್ತೋಳು, ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಆ ಮನ್ಯಾಗ ಹಾಲಮ್ಮನ್ನ ಬೈಯದ ಬಾಯಿಲ್ಲ. ಓಲಿ ಹಾಕ್ಕಂಡ ದಿನ, ಅದೇ ನೆಂಟಳು ಮತ್ತೆ ಮನಿಗೆ ಬಂದಾಗ, ಕಿವ್ಯಾಗ ಒಂದು ದನಿ... 'ಈಕಿ ಅಳೋದು ನನಗಲ್ಲ, ನನ್ನ ಸೀರಿಗಳು ಸೊಸಿ ಪಾಲಾದ್ವಲ್ಲ ಅಂತ.' ಅತ್ತಿ ದನಿ! ಅರ್ಧ ಮಾತು ಪೂರ್ತಿ ಆಗಿತ್ತು. ಹಾಲಮ್ಮ ನಡುಗಿ ಹೋದ್ಲು. ತೆಗೆದಿಡ್ಬೇಕಂದ್ರೆ ಆ ಮನಿ ಸೊಸಿ ಬೋಳು ಕಿವ್ಯಾಗ ಓಡಾಡೋ ಹಂಗಿಲ್ಲ, ಬೇರೆ ಓಲಿ ಹಾಕ್ಕಂಡ್ರೆ ಗಂಡ ಬಿಡಾಂಗಿಲ್ಲ, ನಮ್ಮವ್ವನ ಓಲಿ ನಿನಗೆ ಬ್ಯಾಡಾದ್ವಾ ಅಂತ. ಏನ್ ಮಾಡಿದ್ಲು ಗೊತ್ತೇನು? ದಿನಾ ಬೆಳಿಗ್ಗೆ ಲಿಂಗಪೂಜಿ ಆದ ಮ್ಯಾಲೆ ಬೆರಳಿಗೆ ವಿಭೂತಿ ಉಳೀತೈತಲ್ಲ, ಅದಕ್ಕೆ ತಲಿ ಎಣ್ಣಿ ಒಂದು ಹನಿ ಸೇರಿಸಿ, ಕಲಸಿ, ಓಲಿ ಹಿಂದ್ಗಡೆ ಹರಳಿನ ಸಂದಿಗೆ ತುಂಬೋಳು. ದಿನಾ. ತಪ್ಪಿಸಿದ್ದೇ ಇಲ್ಲ. ದನಿ ಮೊದ್ಲು ದೂರಾತು, ಆಮ್ಯಾಲೆ ಗೊಣಗಾಟ ಆತು, ಆಮ್ಯಾಲೆ ಇಲ್ಲ. ಹಂಗೆ ಮೆತ್ತಿ ಮೆತ್ತಿ ಬಾಯಿ ಮುಚ್ಚಿದ್ಲು ಅತ್ತಿದು. ಅಲ್ಲಿಂದ ಮುಂದೆ ಓಲಿ ತೆಗೀಲಿಲ್ಲ, ತೊಳೀಲಿಲ್ಲ. ತಲಿಗೆ ನೀರು ಎರಕೊಳ್ಳೋವಾಗ ಕಿವಿಗೆ ಬಟ್ಟಿ ಕಟ್ಕಣೋಳು.

"ಜನಕ್ಕೆ ಏನ್ ಗೊತ್ತು? ವಜ್ರ ಹೋಗಿ ಹುರಿಗಡ್ಲಿ ಬಣ್ಣ ಆತು. ಮದುವ್ಯಾಗ ಹಾಲಮ್ಮ ಬಂದ್ರೆ ಹೆಂಗಸ್ರು ಮೂಗು ಮುರಿಯೋರು. ಗಲೀಜು ಹಾಲಮ್ಮ, ಗಲೀಜು ಹಾಲಮ್ಮ... ಅವಳಷ್ಟು ಆ ಓಲಿನ ಜ್ವಾಪಾನ ಮಾಡಿದೋರು ಯಾರೂ ಇರಲಿಲ್ಲ.

"ಇಂಥ ಮನಿಗೆ ಸೊಸಿ ಬಂದ್ಲು, ಸುನೀತಾ. ಇಲ್ಲೇ ನಿಜಲಿಂಗಪ್ಪ ಬಡಾವಣಿ ಹುಡುಗಿ. ಗಂಡ ಬಕ್ಕೇಶ, ಹಾಲಮ್ಮನ ಮಗ. ಅವನ ಬಗ್ಗೆ ಹೇಳೋಕೆ ಏನಿಲ್ಲ, ಹೆಂಡ್ತಿ ಎಳೆದ ಕಡೆ ಹೋಗೋ ಚಕ್ಕಡಿ. ಸುನೀತಾಗೆ ಶುಚಿ ಹುಚ್ಚು. ಫ್ರಿಜ್ಜಿಗೂ ಲಂಗ ತೊಡಿಸ್ತಿದ್ಲು ಕಣ್ರೇ! ಅತ್ತಿ ಸೋಫಾ ಮ್ಯಾಲೆ ಕುಂತು ಎದ್ದ ಮ್ಯಾಲೆ ಆ ಜಾಗ ಒರೆಸೋಳು, ಅದೂ ಅತ್ತಿ ಕಣ್ಣ ಮುಂದೆ. 'ಲಕ್ಷಗಟ್ಲೆ ಬೆಲಿ ಬಾಳೋ ಓಲಿಗೆ ಬೂಸ್ಲು ಹಿಡಿಸಿಕೊಂಡು ಕುಂತೈತೆ ಮುದುಕಿ' ಅಂತ ಫೋನ್ಯಾಗ ತವರಿಗೆ ಹೇಳೋಳು, ಗಟ್ಟಿಯಾಗೇ. ಹಾಲಮ್ಮ ಕೇಳಿಸ್ಕಂಡೂ ಸುಮ್ಮನಿರೋಳು.

"ಹಾಲಮ್ಮ ಹಾಸಿಗಿ ಹಿಡಿದಾಗ ನಾನು ಹೋಗಿದ್ದೆ. ನನ್ನ ಎದುರಿಗೇ ಸೊಸಿ ಕೈ ಹಿಡ್ಕಂಡು ಹೇಳಿದ್ಲು, 'ಸುನೀತಾ, ಈ ಓಲಿ ನನ್ನ ಕೂಡ ಮಣ್ಣಿಗೆ ಹಾಕ್ರಿ. ಇದ್ರಾಗ ನಮ್ಮತ್ತಿ ಅದಾರೆ. ಮಣ್ಣಿಗೆ ಹಾಕಾಕೆ ಮನಸ್ಸಾಗದಿದ್ರೆ ಇಟ್ಕ, ಆದ್ರೆ ತೊಳೀಬ್ಯಾಡವ್ವ.' ಇದಕ್ಕಿಂತ ಬಿಡಿಸಿ ಹೆಂಗೆ ಹೇಳ್ಬೇಕು? ಸುನೀತಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ್ಲು, ಮುದುಕಿಗೆ ಅರಳು ಮರಳು ಅನ್ನೋ ಹಂಗೆ. ಆ ಕಣ್ಣು ಮಿಟುಕಿಸಿದ್ದು ನನಗೆ ಇವತ್ತಿಗೂ ಮೈ ಉರಿಸ್ತೈತೆ.

"ಹಾಲಮ್ಮ ಹೋದ್ಲು. ನಮ್ಮೋರಾಗ ಕುಂದ್ರಿಸಿ ಮಣ್ಣು ಮಾಡ್ತಾರಲ್ಲ, ಅಂಗೈಯ್ಯಾಗ ಲಿಂಗ ಇಟ್ಟು, ಹಣಿ ತುಂಬ ವಿಭೂತಿ ಬಳಿದು, ಹೂವಿನ ವಿಮಾನ ಕಟ್ಟಿ ಎಲ್ಲಾ ತಯಾರು. ಹೊರಗೆ ಭಜನಿಯೋರು ಕಾಯ್ತದಾರೆ, ಸ್ವಾಮ್ಯಾರು ಕಾಯ್ತದಾರೆ, ಒಳಗೆ ಇವ್ರದ್ದೇನು ಕೆಲ್ಸ? ಓಲಿ ಬಿಚ್ಚೋದು! ತಿರುಪು ಬರ್ತಿಲ್ಲ. ಎಷ್ಟು ವರ್ಷದ ಎಣ್ಣಿ, ವಿಭೂತಿ, ಕಲ್ಲಾಗಿ ಕುಂತೈತೆ. ಸುನೀತಾ ಸೋಪಿನ ನೀರು ಹಾಕಿದ್ಲು, ಎಣ್ಣಿ ಬಿಟ್ಲು, ಬರಲಿಲ್ಲ. ಕಡೀಗೆ ಬಕ್ಕೇಶ ಅಕ್ಕಸಾಲಿನ್ನ ಕರೆಸಿದ. ಆತ ಇಕ್ಕಳದಾಗ ತಿರುಪಿನ ಕಡ್ಡಿನೇ ಕತ್ತರಿಸಿದ. ಹೆತ್ತ ತಾಯಿ ಹೆಣದ ಕಿವಿಗೆ ಇಕ್ಕಳ! ಹೊರಗೆ ಬಂದು ಅದೇ ಬಕ್ಕೇಶ ಅವ್ವಾ ಅವ್ವಾ ಅಂತ ಎದಿ ಬಡ್ಕಂಡಿದ್ದು ನೋಡ್ಬೇಕಿತ್ತು ನೀವು.

"ಸತ್ತೋರ ಹೆಸರಿನ ಶಿವಗಣಾರಾಧನಿ ಊಟ ಮುಗಿದ ಮಾರನೇ ದಿನನೇ ಸುನೀತಾ ಬಟ್ಟಲು ಹಿಡ್ಕಂಡು ಕುಂತ್ಲು. ಬೆಚ್ಚನೆ ನೀರು, ಅಂಟವಾಳ, ಬ್ರಷ್ಷು... ಕೊಳಿ ಬಿಡ್ಬೇಕಲ್ಲ? ನೀರು ಬೂದಿ ಬಣ್ಣ ಆತು, ಚೆಲ್ಲಿದ್ಲು. ಮತ್ತೆ ಬೂದಿ ಬಣ್ಣ, ಮತ್ತೆ ಚೆಲ್ಲಿದ್ಲು. ಪಿನ್ನು ತಗಂಡು ಕೆದರಿದ್ಲು. ಆಮ್ಯಾಲೆ ದಾವಣಗೆರಿಗೆ ತಂದು ಅಂಗಡ್ಯಾಗ ಮಷೀನಿಗೆ ಹಾಕಿಸಿದ್ಲು. ಅದ್ರಾಗ ನೀರು ಗುಂಯ್ ಅಂತ ನಡುಗ್ತೈತೆ, ಸಂದಿಗೊಂದಿ ಕೊಳಿ ಎಲ್ಲ ಹೊಗಿಯಂಗೆ ಹೊರಗೆ ಬರ್ತೈತೆ. ಬಂತು. ಹಾಲಮ್ಮ ಜೀವಮಾನ ಎಲ್ಲಾ ಬೆರಳು ಸವೆಸಿ ಮೆತ್ತಿದ್ದು ಒಂದು ಚಾ ಕುಡಿಯೋದ್ರೊಳಗೆ ತೊಳೆದು ಹೋತು. ಹರಳು ಹೊಳೆದ್ವು ನೋಡು... ಅಂಗಡಿಯೋನೂ ಬಾಯಿ ಬಿಟ್ಟ. ಹೊಸ ತಿರುಪು ಹಾಕ್ಸಿ, ಸುನೀತಾ ಅಲ್ಲೇ ಕನ್ನಡಿ ಮುಂದೆ ನಿಂತು ಹಾಕ್ಕಂಡ್ಲು.

"ಹಾಕ್ಕಂಡು ಎಲ್ಲಿಗೆ ಹೋದ್ಲು? ಸೀದಾ ಮದುವಿ ಮನಿಗೆ. ಅತ್ತಿ ಸತ್ತ ತಿಂಗಳಿಗೇ. ಅಲ್ಪಗೆ ಐಶ್ವರ್ಯ ಬಂದ್ರೆ ಅರ್ಧರಾತ್ರ್ಯಾಗ ಕೊಡಿ ಹಿಡಿದ್ನಂತೆ. ಹುಡುಗನ ತಾಯಿ ಕೆಂಪು ರೇಷ್ಮಿ ಉಟ್ಕಂಡು ಮೆರಿತಾ ಬಂದ್ಲು. ಆಗ ಕಿವ್ಯಾಗ... 'ಸೀರಿ ಈಕಿದಲ್ಲ. ನಾದಿನಿದು. ನೆರಿಗಿ ತುದ್ಯಾಗ ಅರಿಷಿಣದ ಕಲಿ ಐತೆ, ಮುಚ್ಕಂಡು ಉಟ್ಟಾಳೆ, ನೋಡು.' ಸುನೀತಾ ಬೆಚ್ಚಿಬಿದ್ಲು. ಹಿಂದೆ ನೋಡಿದ್ರೆ ಯಾರಿಲ್ಲ. ನೆರಿಗಿ ನೋಡಿದ್ಲು. ಕಲಿ ಐತೆ! ಅಷ್ಟರಾಗ ಒಬ್ಬ ದೊಡ್ಡ ಮನುಷ್ಯ ಬಂದು ಕಾಯಕ, ದಾಸೋಹ ಅಂತ ಕಣ್ಣು ಮುಚ್ಕಂಡು ಉಪದೇಶ ಮಾಡಾಕೆ ಹತ್ತಿದ. ದನಿ ಅಂತು, 'ಕೊರಳಾಗ ಬರೀ ದಾರ. ಲಿಂಗ ಮನ್ಯಾಗ ಡ್ರಾಯರಿನಾಗ, ಶೇವಿಂಗ್ ಸೆಟ್ಟಿನ ಪಕ್ಕ.'"

ನಯನಾ ಕಿಸಕ್ಕನೆ ನಕ್ಕಳು. ತನುಶ್ರೀಗೂ ತಡೆಯಲಾಗಲಿಲ್ಲ, ಅಂಥ ಒಬ್ಬ ಮಾವ ಅವಳ ಗಂಡನ ಮನೆಯಲ್ಲೇ ಇದ್ದ. ಬಾಗಿಲಲ್ಲಿ ತಿಮ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಕ್ರಾ? ನಗ್ರಿ, ನಗ್ರಿ. ಸುನೀತಾನೂ ಹಿಂಗೇ ನಕ್ಕಿದ್ಲು. ಹೆದರ್ಕಂಡು ಕಿತ್ತು ಒಗೀಬೇಕಾದೋಳು ನಕ್ಕಳು! ಯಾಕಂದ್ರೆ ರುಚಿ ಹತ್ತಿತು. ಕಜ್ಜಿ ಕೆರೆದಂಗೆ ಅದು, ಹಿತ ಅನ್ನಿಸ್ತೈತೆ. ಪಕ್ಕದೋಳ ಕಿವ್ಯಾಗ ಉಸುರಿದ್ಲು, ಆಕಿ ಇನ್ನೊಬ್ಬಾಕಿಗೆ. ಊಟದ ಹೊತ್ತಿಗೆ ಇಡೀ ಪಂಕ್ತಿಗೆ ಗೊತ್ತು. ಅಲ್ಲಿಂದ ಸುನೀತಾಗೆ ಬಂತು ನೋಡ್ರೇ ಮರ್ಯಾದಿ! ಯಾವ ಸಮಾರಂಭ ಇರ್ಲಿ, 'ಸುನೀತಕ್ಕಾ ಇಲ್ಲಿ ಬರ್ರಿ, ಇಲ್ಲಿ ಕೂಡ್ರಿ' ಅಂತ ಜಾಗ ಹಿಡಿಯೋರು. ಆಕಿ ತಲಿ ಕೊಂಕಿಸಿ ಒಂದು ಮಾತು ಉದುರಿಸಿದ್ರೆ ನಾಕು ಜನ ಹೊಟ್ಟಿ ಹಿಡ್ಕಂಡು ನಗೋರು. ಆ ನಗೋರನ್ನ ನಾನು ಇನ್ನೂ ಹೆಚ್ಚು ಉಗೀತೀನಿ. ಒಬ್ಬರಾದ್ರೂ ನಾಳೆ ನಮ್ಮ ಸರದಿ ಅಂತ ತಿಳ್ಕಂಡ್ರಾ?

"ಓಲಿಗೆ ಸೇವಾನೋ ಸೇವಾ. ಹೋಗಿ ಬಂದ ಕೂಡ್ಲೆ ಬೆಚ್ಚನೆ ನೀರು, ನೊರಿ, ಬ್ರಷ್ಷು, ಮಲ್ಲಿನ ಬಟ್ಟಿ, ಒಂದು ಗೀರು ಬೀಳದಂಗೆ ಬೇರೆ ಡಬ್ಬಿ. ಯಾಕೆ? ಹರಳು ನಿಚ್ಚಳ ಇದ್ದಷ್ಟು ದನಿ ನಿಚ್ಚಳ. ಹೆತ್ತ ಮಗಳಿಗೆ ಅಷ್ಟು ತಲಿ ಬಾಚಿರಲಿಲ್ಲ ಆಕಿ. ಹಿಂಗೆ ತೊಳಿತಾ ತೊಳಿತಾ ಒಂದು ದಿನ ನೋಡ್ತಾಳೆ, ನೀರು ಮಬ್ಬೇ ಆಗಿಲ್ಲ. ಎಣ್ಣಿ ಹಚ್ಕಂಡು ಎರಕೊಂಡ ದಿನನೂ ನೀರಿಗೆ ಹಾಕಿದ್ಲು, ಸಂದಿಯೊಳಗೆ ಕುಂಕುಮ ಹೋಗಿತ್ತು, ಪೌಡರ್ ಹೋಗಿತ್ತು... ನೀರು ತಿಳಿ. ವಜ್ರ ಜಿಡ್ಡು ಹಿಡಿಯೋದು ಬಿಟ್ಟಿತ್ತು! ಈಗ ಹೇಳಿದ್ನಲ್ಲ, ಮುಟ್ಟಿದ್ರೆ ಅಂಟ್ಕಣೋ ಜಿಡ್ಡು. ಅದು ಹಿಡೀದಿರೋದು ಲೋಕದಾಗ ಯಾವ ವಜ್ರಕ್ಕೂ ಇಲ್ಲದ ಗುಣ. ಬ್ಯಾರೆ ಯಾರಾದ್ರೂ ಆಗಿದ್ರೆ ಅಲ್ಲೇ ಕೈ ಬಿಡ್ತಿದ್ರು. ಈಕಿ, 'ಕೆಲ್ಸ ಕಮ್ಮಿ ಆತು' ಅಂದ್ಕಂಡ್ಲು.

"ಓಲಿ ತೆಗೀಬೋದಿತ್ತು ಕಣ್ರೇ! ಹೊಸ ತಿರುಪು, ಬೆರಳು ತಾಗಿದ್ರೆ ಬರ್ತಿತ್ತು. ಬರ್ತಿರಲಿಲ್ಲ ಅಂದಿದ್ರೆ ನಾನೂ ಅಯ್ಯೋ ಪಾಪ ಅಂತಿದ್ದೆ. ತೆಗೆದಿಡೋಳು, ಇನ್ನೊಂದು ಲಗ್ನಪತ್ರಿಕಿ ಬಂದ ಕೂಡ್ಲೆ ಮತ್ತೆ ಹಾಕೋಳು.

"ಊರ ಮಂದಿ ಮುಗಿದ ಮ್ಯಾಲೆ ದನಿ ಮನಿಗೆ ಬಂತು. ಮೊದ್ಲು ಬಕ್ಕೇಶ. 'ನೀನು ಸತ್ರೆ ವರ್ಷದೊಳಗೆ ಇನ್ನೊಂದು ಮದುವಿ ಆಗ್ತಾನೆ, ಮನಸ್ಸಿನಾಗ ಹೆಣ್ಣೂ ನೋಡಿಟ್ಟಾನೆ.' ಸುನೀತಾ ಅದನ್ನೂ ಬಾಯಿ ಬಿಟ್ಟು ಅಂದ್ಲು, ಊಟಕ್ಕೆ ಕುಂತಾಗ. ಅವನ ಕೈಯಾಗಿನ ತುತ್ತು ತಟ್ಟಿಗೆ ಬಿತ್ತು. ಅಲ್ಲಿಂದ ಅಂವ ಊಟಕ್ಕೆ ಮನಿಗೆ ಬರೋದು ಬಿಟ್ಟ. ಆದ್ರೂ ಈಕಿಗೆ ಬುದ್ಧಿ ಬರಲಿಲ್ಲ. ಬುದ್ಧಿ ಬಂದಿದ್ದು ಯಾವಾಗ? ಮಗಳ ಸರದಿ ಬಂದಾಗ."

ಅಜ್ಜಿಯ ದನಿ ಸ್ವಲ್ಪ ಇಳಿಯಿತು. ತನುಶ್ರೀ ಬಟ್ಟಲಿನಿಂದ ಕೈ ತೆಗೆದು ಒರೆಸಿಕೊಂಡಳು. ಅಜ್ಜಿ ಯಾರನ್ನಾದರೂ ಬೈಯದೆ ಮಾತಾಡುವುದು ಅಪರೂಪ.

"ಸ್ನೇಹಾ ಅಂತ, ಒಬ್ಬಳೇ ಮಗಳು. ಬಂಗಾರದಂಥ ಹುಡುಗಿ, ಅಂಥ ಮನ್ಯಾಗ ಅದು ಹೆಂಗೆ ಹುಟ್ಟಿತೋ. ಲಗ್ನ ಗೊತ್ತಾಗಿತ್ತು. ಒಂದಿನ ಮುಂಜಾನಿ ಸ್ನೇಹಾ ತಿಂಡಿ ತಿಂತಾ ಕುಂತಾಗ, ದನಿ ಸಣ್ಣಗೆ, ಬಾಳ ಸಣ್ಣಗೆ, 'ಈಕಿದು ಹೇಳ್ಲಾ?' ಅಂತು. ಸುನೀತಾ ಆ ಕ್ಷಣನೇ ಓಲಿ ಕಿತ್ತು ತಿಜೋರ್ಯಾಗ ಹಾಕಿದ್ಲು. ಹಾಕಿದ್ರೇನು? ಇಷ್ಟು ದಿನ ಕೇಳಿದ ಕಿವಿ ಅದು. ಬೋಳು ಕಿವ್ಯಾಗೂ ದನಿ, 'ಹೇಳ್ಲಾ? ಹೇಳ್ಲಾ?' ಕೇಳ್ಸ್ಕಂಡಿದ್ದೆಲ್ಲ ಬಾಯಿಗೆ ಬಂದು ಕುಂದ್ರೋದು ಆಕಿಗೆ ರೂಢಿ ಆಗಿ ಹೋಗಿತ್ತಲ್ಲ. ಆವಾಗ ನೆನಪಾತು ಹಾಲಮ್ಮನ ಮಾತು, ತಾನು ತೊಳೆದು ಚೆಲ್ಲಿದ ಬೂದಿ ಬಣ್ಣದ ನೀರು. ವಿಭೂತಿ ತಂದ್ಲು, ಎಣ್ಣಿ ತಂದ್ಲು, ಕಲಸಿ ಓಲಿ ಹಿಂದೆ ಮೆತ್ತಿದ್ಲು. ನಿಲ್ಲಬೇಕಲ್ಲ? ಕೆಸುವಿನ ಎಲಿ ಮ್ಯಾಲಿನ ನೀರಿನಂಗೆ ಜಾರಿ ಜಾರಿ ಬೀಳ್ತೈತೆ. ಮೇಣ ಹಚ್ಚಿದ್ಲು, ಅರಗು ಹಚ್ಚಿದ್ಲು, ಶುಚಿ ಹುಚ್ಚಿನ ಸುನೀತಾ ಬಚ್ಚಲ ಮೋರಿ ಕೆಸರು ತಂದು ಹಚ್ಚಿದ್ಲು. ಬೆಳಿಗ್ಗೆ ನೋಡಿದ್ರೆ ಹರಳು ಲಕಲಕ.

"ಆಕಿ ಬುದ್ಧಿಗೆ ಉಳಿದಿದ್ದು ಒಂದೇ ದಾರಿ. ಮಗಳ ಮುಂದೆ ಬಾಯೇ ಬಿಡಲಿಲ್ಲ. ಬಾಯಿ ಬಿಟ್ರೆ ಎಲ್ಲಿ ಆ ದನಿ ಹೊರಗೆ ಬೀಳ್ತೈತೋ ಅಂತ. ಮದುವಿ ಮನಿ, ಸೀರಿ ಆರಿಸ್ಬೇಕು, ಬಳಿ ತೊಡಿಸ್ಬೇಕು, ತಾಯಿ ಮೂಕಿ! ಸ್ನೇಹಾ ಬಂದು ಹತ್ರ ಕುಂತ್ರೆ ಎದ್ದು ಹೋಗೋಳು. ಮಗಳು ಏನಂದ್ಕಣ್ಬೇಕು? ಊರೋರ್ನೆಲ್ಲ ತಾತ್ಸಾರ ಮಾಡೋ ನಮ್ಮಮ್ಮ ನನ್ನೂ ತಾತ್ಸಾರ ಮಾಡ್ತಾಳೆ ಅಂತ ರಾತ್ರಿ ಅಳೋದು. ಪ್ರೀತಿ ಮಾಡಿದ್ದು ಜೀವಮಾನದಾಗ ಅದೊಂದ್ಸಲ, ಅದೂ ತಾತ್ಸಾರ ಅಂತ ಕಂಡ್ತು. ಹೆಂಗೈತೆ?

"ಮದುವಿ ದಿನ ಸುನೀತಾ ಓಲಿ ಹಾಕಾಂಗಿಲ್ಲ ಅಂತ ಹಟ ಹಿಡಿದ್ಲು. ಆವಾಗ ಬಂದ ನೋಡು ನಮ್ಮ ಬಕ್ಕೇಶಪ್ಪ! 'ಬೀಗರು ಏನಂತಾರೆ? ವಜ್ರ ಮಾರ್ಕಂಡು ತಿಂದ್ರು ಅಂತಾರೆ. ಹಾಕ್ಕ' ಅಂತ ತಿಜೋರಿಯಿಂದ ತಾನೇ ತಗಂಡು ಬಂದು, ಜನದ ಮುಂದೆ, ಕೈಗೆ ತುರುಕಿದ. ಹಾಕ್ಕಂಡ್ಲು. ಮುಹೂರ್ತ ಆತು, ಊಟ ಆತು, ಹಲ್ಲು ಕಚ್ಕಂಡು ನಿಂತಿದ್ಲು. ಹೆಣ್ಣು ಒಪ್ಪಿಸಿ ಕೊಡೋ ಹೊತ್ತು ಬಂತು. ಮಡಿಲಕ್ಕಿ ತಟ್ಟಿ ನನ್ನ ಕೈಯಾಗೇ ಇತ್ತು, ಇಷ್ಟು ಹತ್ರ ನಿಂತಿದ್ದೆ. ಸ್ನೇಹಾ ತಾಯಿ ಎರಡೂ ಕೈ ಹಿಡ್ಕಂಡು, 'ಅಮ್ಮಾ, ಹೋಗ್ತಿದೀನಿ. ಒಂದೇ ಒಂದು ಮಾತಾಡು. ಬೈದ್ರೂ ಪರವಾಗಿಲ್ಲ' ಅಂತು.

"ಯಾವ ತಾಯಿ ತಡ್ಕಂತಾಳೆ? 'ಚೆನ್ನಾಗಿರು' ಅನ್ನಾಕೆ ಬಾಯಿ ತೆಗೆದ್ಲು.

"ಬಂದ ದನಿ ಸುನೀತಾದಲ್ಲ. ನಾನು ಸಣ್ಣೋಳಿದ್ದಾಗ ಕೇಳಿದ ದನಿ ಅದು. ತಲಿ ಹಿಂಗೆ ಕೊಂಕಿತು, ಓಲಿ ಛಳಕ್ ಅಂತು. 'ನೀನು ಹುಟ್ಟಿದಾಗ, ಹೆಣ್ಣು ಅಂದ ಕೂಡ್ಲೆ ನಿಮ್ಮವ್ವ ಗ್ವಾಡಿ ಕಡೆ ತಿರುಗಿ ಮಲಗಿದ್ಲು. ಸಂಜಿ ತನಕ ನಿನ್ನ ಮುಟ್ಟಲಿಲ್ಲ. ನರ್ಸು ಬಾಟ್ಲಿ ಹಾಲು ಕುಡಿಸಿದ್ಲು.'

"ಸ್ನೇಹಾ ಅಳಲಿಲ್ಲ. 'ಹೌದಾ ಅಮ್ಮಾ?' ಅಂತ ಕೇಳ್ತು. ಅಷ್ಟೇ. ಸುನೀತಾ ಇಲ್ಲ ಅನ್ನಬೇಕಿತ್ತು. ಒಂದು ಸುಳ್ಳು! ಊರೆಲ್ಲ ಸುಳ್ಳು ಹೇಳ್ಕಂಡೇ ಬದುಕೋದು. ಬಾಯಿ ತೆಗೆದ್ಲು, ಮುಚ್ಚಿದ್ಲು, ತೆಗೆದ್ಲು... ಬರಲಿಲ್ಲ. ನೀಲವ್ವ ಇದ್ದ ಬಾಯಾಗ ಸುಳ್ಳು ಹೆಂಗೆ ಬರ್ತೈತೆ? ಸ್ನೇಹಾ ಕೈ ಬಿಡಿಸ್ಕಂಡು ಕಾರು ಹತ್ತಿತು. ಅವತ್ತಿಂದ ಈ ತನಕ ಹರಿಹರದ ಹೊಸಲು ತುಳಿದಿಲ್ಲ. ಈ ಪಂಚಮಿಗೂ ಬಂದಿಲ್ಲ. ಸುನೀತಾ ಉಂಡಿ ಕಟ್ಟಿ ಡಬ್ಬಿ ತುಂಬಿಟ್ಕಂಡು ಬಾಗಿಲಾಗ ಕುಂತಿರ್ತಾಳೆ. ದಿನಾ ಬೆಳಿಗ್ಗೆ ಎಣ್ಣಿ, ವಿಭೂತಿ ಕಲಸಿ ಎರಡೂ ಕಿವಿ ತೂತಿಗೆ ಮೆತ್ಕಂತಾಳೆ. ಈಗ ಆಕಿ ಕುಂತ ಜಾಗ ಬ್ಯಾರೆಯೋರು ಒರೆಸ್ತಾರೆ."

ತಟ್ಟೆಯಲ್ಲಿ ಮಿರ್ಚಿ ತಣ್ಣಗಾಗಿತ್ತು. ತನುಶ್ರೀ ಗಂಡನ ಮನೆಯ ಮಾವನನ್ನು ನೆನೆದು ನಕ್ಕದ್ದಕ್ಕೆ ನಾಚಿ, ತನ್ನ ಓಲೆಯನ್ನು ಬಟ್ಟಲಿನಿಂದ ತೆಗೆದಿಟ್ಟಳು.

"ಓಲಿ ಏನಾತಜ್ಜಿ?" ಎಂದು ಅವಳು ಕೇಳಿದಳು.

"ಏನಾಗ್ತೈತೆ? ಮದುವಿ ಮಾರನೇ ದಿನನೇ ದಾವಣಗೆರಿ ಅಂಗಡಿಗೆ ಕೊಟ್ಟು ಕೈ ತೊಳ್ಕಂಡ್ರು. ಮಣ್ಣಿಗೆ ಹಾಕಬೋದಿತ್ತು. ಅಷ್ಟಾದ ಮ್ಯಾಲೂ ವಜ್ರನ ಮಣ್ಣಿಗೆ ಹಾಕೋವಷ್ಟು ಬುದ್ಧಿ ಆ ಗಂಡಹೆಂಡ್ತಿಗೆ ಬರಲಿಲ್ಲ. ಅಂಗಡಿಯೋರಿಗೆ ಹಳೇ ಓಲಿ ಯಾತಕ್ಕೆ? ಹರಳೆಲ್ಲ ಬಿಡಿಸಿ, ಇನ್ನೊಂದ್ಸಲ ಮಷೀನ್ಯಾಗ ತೊಳೆದು, ಒಂದು ಉಂಗುರಕ್ಕೆ, ಒಂದು ಮೂಗುತಿಗೆ, ಒಂದು ಯಾವಳದ್ದೋ ಪದಕಕ್ಕೆ... ಕೂರಿಸಿ ಮಾರಿದ್ರು. ಒಂದು ಜೊತಿ ಕಿವ್ಯಾಗ ಇದ್ದ ನೀಲವ್ವ ಈಗ ಊರು ತುಂಬ ಅದಾಳೆ."

"ಯಾವ ಅಂಗಡಿ ಅಜ್ಜಿ?" ನಯನಾಳ ಪ್ರಶ್ನೆ ಸ್ವಲ್ಪ ಬೇಗನೇ ಬಂತು.

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೇಳಾಂಗಿಲ್ಲ. ಹೇಳಿದ್ರೆ ನಾಳೆ ಬೆಳಿಗ್ಗೆ ಮಳ್ಯಾಗ ಕೊಡಿ ಹಿಡ್ಕಂಡು ಆ ಅಂಗಡಿ ಮುಂದೆ ಮೊದ್ಲು ನಿಲ್ಲೋಳು ನೀನೇ."

ನಯನಾ ತಲೆ ತಗ್ಗಿಸಿದಳು. ತಿಮ್ಮವ್ವ ಬಾಗಿಲಿನಿಂದ ಎದ್ದು ಒಳಕ್ಕೆ ಸರಿದು ಕೂತಳು. ಅಜ್ಜಿ ಒಂದು ಹಿಡಿ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು, ನುಂಗಿ, ಮತ್ತೆ ಮಾತಾಡಿದರು.

"ಭಾನುವಾರ ಮದುವಿಗೆ ಹೋಗ್ತೀರಲ್ಲ, ಅಲ್ಲಿ ನೋಡ್ರೇ. ನಾಕು ಹೆಂಗಸ್ರು ತಲಿಗೆ ತಲಿ ಹಚ್ಕಂಡು, ಒಬ್ಬಾಕಿ ಕಡೆ ನೋಡಿ, ಕಿಸಕ್ ಅಂತಿರ್ತಾರೆ. ಕಿವಿಗೊಟ್ಟು ಕೇಳ್ರಿ, ಅಲ್ಲಿ ಐದನೇ ದನಿ ಒಂದು ಇರ್ತೈತೆ. ಹೋದ ತಿಂಗಳು ಕೊಂಡಜ್ಜಿ ಮನೆತನದೋರ ಮದುವ್ಯಾಗ ನಾನೇ ಕೇಳೀನಿ. ಈಗ ಈ ಕಥಿ ಕೇಳೀರಲ್ಲ, ನಿಮಗೂ ಕೇಳಿಸ್ತೈತೆ. ಕೇಳಿಸಿದ್ರೆ ಕೇಳ್ಸ್ಕಳ್ರಿ, ನಗಬೇಕಂದ್ರೆ ನಗ್ರಿ... ನನ್ನ ಬಗ್ಗೆ ಏನಂತು ಅಂತ ಮಾತ್ರ ಬಂದು ಹೇಳಬ್ಯಾಡ್ರೇ. ಅದು ಸುಳ್ಳು ಹೇಳಿದ್ದು ನಾನು ಇವತ್ತಿನ ತನಕ ಕೇಳಿಲ್ಲ."